ಸಣ್ಣಿಯ ಮೂರು ಗರಟೆ

ಮುಂಬಯಿ ಸರಕಾರದ ಕಾಲಕ್ಕೇ ಟ್ರೇನಿಂಗ್ ಮುಗಿಸಿದ ಮಾಸ್ತರ ನಾನು ಬದುಕಿರುವಾಗಲೇ ಹೊಳೆಯಾಚೆಯ ಈ ಸಣ್ಣಿಗೆ ಎಂತ ಸೊಕ್ಕು ನೋಡಿ! ದೋಣಿ ಸಿಗದ ದಂಡೆಯ ಮಕ್ಕಳು ಶಾಲೆಗೆ ಬಾರದಿದ್ದರೆ ಗದ್ದೆಗೆ ಹೋಗಲಿ. ಇವಳು ತನ್ನ ನಾಲ್ಕು ಮಕ್ಕಳಿಗೂ ಜಗಲಿಯಲ್ಲೇ ಶಾಲೆ ಇಟ್ಟಿದ್ದಾಳೆ. ದೊಡ್ಡವಳು ಪಾಟಿಯಲ್ಲಿ ಲೆಕ್ಕ ಮಾಡಬೇಕು, ನಡುವಿನವರಿಬ್ಬರು ಒಬ್ಬರಿಗೊಬ್ಬರು ಮಗ್ಗಿ ಒಪ್ಪಿಸಬೇಕು, ಚಿಕ್ಕವನು ಹೊಯ್ಗೆಯಲ್ಲಿ ಅಂಕಿ ತಿದ್ದಬೇಕು. ಭತ್ತ ಕುಟ್ಟುತ್ತಲೇ ಇವಳ ಕಿವಿ ನಾಲ್ವರ ಮೇಲೂ. ಎದುರಿಗೆ ಮೂರು ತೆಂಗಿನ ಗರಟೆ, ಪಾಠಕ್ಕೊಂದು ಹೊಳೆಯ ಚಿಪ್ಪಿ. ಹೊಸ ಪಾಠದ ಚಿಪ್ಪಿ ದಿನದ ಗರಟೆಗೆ, ಬಾಯಿಗೆ ಬಂದದ್ದು ವಾರದ ಗರಟೆಗೆ, ಗಟ್ಟಿಯಾದದ್ದು ಅಮಾಸೆಯ ಗರಟೆಗೆ. ದಿನದ್ದನ್ನು ದಿನಾ, ವಾರದ್ದನ್ನು ವಾರಕ್ಕೊಮ್ಮೆ, ಅಮಾಸೆಯದನ್ನು ಅಮಾಸೆಗೊಮ್ಮೆ ಕೇಳುತ್ತಾಳೆ; ತಪ್ಪಿದರೆ ಮತ್ತೆ ಮೊದಲ ಗರಟೆಗೆ. “ಉಂಬುದು ಮರೀತ್ರ? ಇದೆಂತಕೆ ಮರೀತ್ರಿ?” ಅಂತ ಗದರಿಕೆ ಬೇರೆ! ಶಾಲೆಯ ಮೆಟ್ಟಿಲು ಹತ್ತದವಳಿಗೆ ಇದೆಲ್ಲ ಯಾರು ಕಲಿಸಿದರು? ಕುಮಟೆಯ ಶಾಲಾ ಕಚೇರಿಗೆ ದೂರು ಬರೆಯುವ ಮುಂಚೆ ದಬಾಯಿಸೋಣವೆಂದು ಮೊನ್ನೆ ಹೋದೆ. ಮಕ್ಕಳು ‘ಹದಿಮೂರಾರಲೆ ಎಪ್ಪತ್ತೆಂಟು’ ಎಂದೊಡನೆ ಒಟ್ಟಿಗೇ ಎರಡು ಸಲ ಕೆಮ್ಮಿ ಮಗ್ಗಿ ಮುಂದುವರಿಸಿದವು. ಅದು ನನ್ನ ಕೆಮ್ಮು. ಮಗ್ಗಿ ಹೇಳಿಕೊಡುವಾಗ ಆ ಸಾಲಿಗೆ ಬಂದರೆ ಉಸಿರು ಸಾಲದೆ ನನಗೆ ಬರುವ ಕೆಮ್ಮು. ಮದುವೆಯಾಗಿ ಹೊಳೆಯಾಚೆ ಹೋಗುವ ಮುಂಚೆ ಸಣ್ಣಿ ನನ್ನ ಶಾಲೆಯ ಕಿಟಕಿಯ ಕೆಳಗೆ ದನ ಕಾಯುತ್ತ ನಿಲ್ಲುತ್ತಿದ್ದಳು. ನಾನು ದಿನಾ ಬೆತ್ತ ಹಿಡಿದು ಓಡಿಸುತ್ತಿದ್ದೆ.