ಗಾಡಿಯ ತಲೆಗೊಂದು ಸಿಂಬೆ

ಸೀತುವಿನ ಪಿಕಪ್ ಬರುವುದು ಗಿರಾಕಿಗಳಿಗಿಂತ ಮೊದಲು ಬೆಕ್ಕುಗಳಿಗೆ ಗೊತ್ತಾಗುತ್ತದೆ. ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಹೊರಟ ಗಾಡಿ ಒಂದು ದಿನ ಬೈಂದೂರಿನ ಕಡೆಗೆ, ಇನ್ನೊಂದು ದಿನ ಬ್ರಹ್ಮಾವರದ ಕಡೆಗೆ. ತಿರುವಿನಲ್ಲಿ ಹಾರನ್ ಕೇಳುವಷ್ಟರಲ್ಲಿ ಕೇರಿಯ ಬೆಕ್ಕುಗಳೆಲ್ಲ ಗೇಟಿನ ಕಂಬದ ಮೇಲೆ ಹಾಜರು. ಆಮೇಲೆ ಮೀನುಗಳ ಹೆಸರು ಕೂಗುವ ಸೀತುವಿನ ದನಿ: "ಹ್ವಾಯ್, ಬಂಗುಡೆ ಇತ್ತ್, ಕಾಣೆ ಇತ್ತ್, ಬನ್ನಿಯೇ!"

ಈಗ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಬರುವ ಸೀತು ಹುಡುಗಿಯಾಗಿದ್ದಾಗಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವಳು. ಬುಟ್ಟಿಯ ನೀರು ಸೋರಿ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಬಸ್ಸಿನವರು ಬುಟ್ಟಿ ಕಂಡರೆ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೂ ಹಿಂದಿನ ಏಣಿ ತೋರಿಸುತ್ತಿದ್ದರು. ಆಮೇಲೆ ಗೆಳತಿ ಪದ್ದುವಿನ ಜೊತೆ ಸೇರಿ ಬಾಡಿಗೆ ರಿಕ್ಷಾ ಹಿಡಿದಳು. ರಿಕ್ಷಾದಿಂದ ಈ ಹಳೆಯ ಪಿಕಪ್ಪಿಗೆ ಬಂದಳು. ಓಡಿಸುವುದು ಮಗಳು ಮೋಕ್ಷಿತಾ. ಅವಳು ಕಾಲೇಜು ಮುಗಿಸಿ ಕುಂದಾಪುರದ ಒಂದು ಆಫೀಸಿಗೆ ಹೋಗುತ್ತಿದ್ದವಳು. "ಫ್ಯಾನಿನ ಅಡಿ ಕೂಕಂಡ್ ಕೂಕಂಡ್ ನಂಗ್ ನಿದ್ದಿ ಬತ್ತ್ ಅಮ್ಮ" ಎಂದು ಒಂದು ದಿನ ಬಿಟ್ಟು ಬಂದಳು. ಸ್ಟೇರಿಂಗ್ ಹಿಡಿದ ಮೇಲೆ ನಿದ್ದೆಯ ಮಾತೇ ಇಲ್ಲ, ನಿದ್ದೆ ಹಾರಿದ್ದು ಪಕ್ಕದಲ್ಲಿ ಕೂತ ಸೀತುವಿಗೆ.

ಗಂಡ ಕರಿಯ ದೊಡ್ಡ ಬೋಟುಗಳಲ್ಲಿ ದುಡಿದವನು. ಕಾಲಿನ ಮೊಣಗಂಟು ಕೈಕೊಟ್ಟ ಮೇಲೆ ಕಡಲು ಬಿಟ್ಟು ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡ. ಮನೆಯ ಹಿಂದಿನ ತೋಡಿನಲ್ಲಿ ದೋಣಿ ಇಳಿಸಿ ಹೊಳೆಗೆ ಹೋಗಿ ಬಲೆ ಬೀಸಿ ಬರುತ್ತಿದ್ದ. ಸಿಗುತ್ತಿದ್ದದ್ದು ಸಾರಿಗೆ ಸಾಕಾಗುವಷ್ಟು. ಆದರೆ ದೋಣಿಯಿಂದ ಇಳಿದ ಕರಿಯನ ಮುಖ ನೋಡಿದರೆ ಊರಿಗೆಲ್ಲ ಊಟ ಹಾಕಿ ಬಂದವನ ಹಾಗೆ ಕಾಣುತ್ತಿತ್ತು.

ಎರಡು ಮಳೆಗಾಲದಲ್ಲಿ ಆ ತೋಡು ಹೂಳು ತುಂಬಿ ಗದ್ದೆಯ ಹಾಗಾಯಿತು. ಕೆಸರಿನಲ್ಲಿ ದೋಣಿ ಎಳೆಯಲು ಕರಿಯನ ಕಾಲು ಒಪ್ಪಲಿಲ್ಲ. ದೋಣಿ ಅಂಗಳದ ತೆಂಗಿನ ಬುಡದಲ್ಲಿ ಕವುಚಿ ಬಿತ್ತು. ಅದರಡಿ ಕೋಳಿ ಮೊಟ್ಟೆಯಿಡಲು ಶುರುಮಾಡಿತು.

ಆಗ ದೋಣಿ ಕೇಳಿಕೊಂಡು ಬಂದವನು ಸಚಿನ್. ಕಡಲ ಬದಿಯ ಒಂದು ರೆಸಾರ್ಟಿನ ಮ್ಯಾನೇಜರ್, ಮಾತು ಬಹಳ ನಯ.

"ಗೇಟಿನ ಮುಂದೆ ಇಡ್ತೇವೆ ಅಮ್ಮ. ಮಣ್ಣು ತುಂಬಿಸಿ ಹೂವಿನ ಗಿಡ ಹಾಕಿದರೆ ಫೋಟೋ ತೆಗೆಯುವವರಿಗೆ ಚಂದ."

ಸೀತುವಿನ ಕೈಯಲ್ಲಿದ್ದ ಚಾದ ಲೋಟ ಅಲ್ಲೇ ನಿಂತಿತು. "ದೋಣಿಗ್ ಮರಳ್ ಬಂದ್ರೆ ತೊಳೂದ್ ನಾವ್. ನೀವ್ ಮಣ್ಣ್ ತುಂಬ್ಸೂದಾ?"

ಕರಿಯ ಮಾತ್ರ ಮೊಣಗಂಟು ಉಜ್ಜಿಕೊಳ್ಳುತ್ತ, "ನವರಾತ್ರಿ ಕಳೀಲಿ. ಕೊಡುವ" ಎಂದ.

ಆವತ್ತಿನಿಂದ ಕರಿಯ ಚಾ ಕುಡಿಯುವ ಜಾಗ ಬದಲಾಯಿತು. ಮೊದಲು ದೋಣಿಗೆ ಮುಖ ಮಾಡಿ ಕೂರುತ್ತಿದ್ದವನು ಈಗ ರಸ್ತೆಗೆ ಮುಖ ಮಾಡಿ, ದೋಣಿಗೆ ಬೆನ್ನು ಹಾಕಿ ಕೂತ. ಸೀತು ಅದನ್ನು ನಾಲ್ಕು ದಿನ ಕಂಡಳು. ಐದನೆಯ ದಿನ ಅವನ ಮುಂದೆ ಬಂದು ನಿಂತಳು.

"ಇಕಾಣಿ, ದೋಣಿ ಕೊಡೂದ್ ಬ್ಯಾಡ. ಇಲ್ಲಿ ಬಂದರಲ್ಲಿ ದೊಡ್ಡ ಬೋಟಿನ ನಡು ಆತಿಲ್ಲೆ, ಬೈಂದೂರ್ ಹೊಳಿ ಅಳಿವೆ ಹತ್ರ ನೀರ್ ಇತ್ತಲೆ? ನಾವ್ ಮೀನ್ ಮಾರೂಕೆ ಹೋಪತ್ತಿಗೆ ನಿಮ್ಮನ್ನೂ ದೋಣಿಯನ್ನೂ ಅಲ್ಲಿ ಇಳಿಸ್ತೊ. ಬಪ್ಪತ್ತಿಗೆ ಹತ್ತಿಸ್ಕಂಡ್ ಬತ್ತೊ."

"ಗಾಡಿ ತುಂಬ ಮೀನಿನ ಪೆಟ್ಟಿಗಿ. ದೋಣಿ ಎಲ್ಲ್ ಇಡೂದ್, ನನ್ನ ತಲಿ ಮೇಲಾ?"

"ನಿಮ್ಮ ತಲಿ ಮೇಲೆ ಎಂತಕೆ? ಗಾಡಿ ತಲಿ ಮೇಲೆ."

"ಅಲ್ಲೇ ಬೈಂದೂರಲ್ಲೇ ಯಾರದ್ದಾದ್ರೂ ಅಂಗಳದಲ್ಲಿ ಬಿಟ್ರೆ ಆಯ್ತಲೆ?" ಎಂದಳು ಮೋಕ್ಷಿತಾ.

"ನಿನ್ನಪ್ಪಯ್ಯ ಬೇರೆಯವರ ಅಂಗಳದಲ್ಲಿ ದೋಣಿ ಬಿಟ್ಟ್ ಬಂದ್ ಇಲ್ಲಿ ನಿದ್ದಿ ಮಾಡ್ತ್ರಾ? ನನ್ನನ್ನಾದ್ರೂ ಬಿಟ್ಟ್ ಬಂದಾರ್" ಎಂದಳು ಸೀತು. ಕರಿಯ ನಗಲಿಲ್ಲ. ಆದರೆ ಲೋಟ ಹಿಡಿದುಕೊಂಡು ಒಂದಿಷ್ಟು ಈ ಕಡೆ ತಿರುಗಿ ಕೂತ.

ಗಾಡಿಯ ತಲೆಗೆ ಹಿಂದೊಂದು ಕಬ್ಬಿಣದ ರ‍್ಯಾಕ್ ಇತ್ತು. ಕಡಲ ಗಾಳಿ, ಮೀನಿನ ನೀರು ಸೇರಿ ಅದನ್ನು ಹಪ್ಪಳದ ಹಾಗೆ ಮಾಡಿ ಬಿಟ್ಟಿದ್ದವು. ಬಿಚ್ಚಿ ಬಚ್ಚಲಿನ ಹಿಂದೆ ಒರಗಿಸಿಟ್ಟಿದ್ದರು. ಈ ಸಲ ತುಕ್ಕು ಹಿಡಿಯದ ಅಲ್ಯುಮಿನಿಯಮ್ಮೇ ಆಗಬೇಕೆಂದು ಸೀತು ತೀರ್ಮಾನ ಮಾಡಿದಳು. ಅಲ್ಯುಮಿನಿಯಮ್ ಎಂದರೆ ಅವಳಿಗೆ ಗೊತ್ತಿದ್ದವನು ಒಬ್ಬನೇ, ಬ್ರಹ್ಮಾವರದ ಬಚ್ಚ. ಕಿಟಕಿ, ಬಾಗಿಲು, ಅಂಗಡಿಯ ಪಾರ್ಟಿಶನ್ ಮಾಡುವವನು. ಸೀತುವಿನ ಹಳೆಯ ಗಿರಾಕಿ. ಬಂಗುಡೆ ಬಿಟ್ಟರೆ ಬೇರೆ ಮೀನು ತೆಗೆದುಕೊಳ್ಳದ ಮನುಷ್ಯ.

"ಸೀತಕ್ಕ, ನಾನ್ ಕಿಟ್ಕಿ ಮಾಡುವವ. ಗಾಡಿದೆಲ್ಲ ನಂಗ್ ಗೊತ್ತಿಲ್ಲ ಮಾರಾಯ್ರೆ."

"ಕಿಟ್ಕಿಯೇ ಮಾಡಿ ಬಚ್ಚಣ್ಣ. ನಿಲ್ಸೂ ಬದ್ಲಿ ಮಲ್ಗ್ಸಿ."

ಸೀತು ಅವನ ಅಂಗಡಿಯ ಕಸ ಗುಡಿಸುವ ಹಿಡಿಸೂಡಿಯಿಂದ ಕಡ್ಡಿ ಕಿತ್ತು, ಸೊಂಟದಲ್ಲಿದ್ದ ಬಲೆಯ ದಾರದಿಂದ ಕಟ್ಟಿ, ಮೇಜಿನ ಮೇಲೆ ರ‍್ಯಾಕಿನ ಗೊಂಬೆ ಮಾಡಿದಳು. ಆರು ಕಾಲು. ಕಾಲು ಊರುವುದು ಮುಂದಿನ ಕ್ಯಾಬಿನ್ನಿನ ತಗಡಿನ ಮೇಲಲ್ಲ, ಹಿಂದಿನ ಬಾಡಿಯ ಗಟ್ಟಿ ಅಂಚಿನ ಮೇಲೆ. ಮೂರು ಪೆಟ್ಟಿಗೆ ಒಂದರ ಮೇಲೊಂದು ಇಟ್ಟರೂ ಕೈಹಾಕಿ ಮೀನು ತೆಗೆಯಲು ಜಾಗ ಇರಬೇಕು. ಮೇಲೆ ದೋಣಿ ಕವುಚಿ ಮಲಗಬೇಕು. ದೋಣಿಯೆಂದು ತೋರಿಸಲು ಒಂದು ಬಂಗುಡೆಯನ್ನೇ ಕಡ್ಡಿಗಳ ಮೇಲಿಟ್ಟಳು.

ಬಚ್ಚ ಕನ್ನಡಕ ಏರಿಸಿ ಬಗ್ಗಿ ನೋಡುತ್ತಿದ್ದ ಹಾಗೆಯೇ ಅಂಗಡಿಯ ಬೆಕ್ಕು ಮೇಜಿಗೆ ಹಾರಿ ಬಂಗುಡೆ ಕಚ್ಚಿಕೊಂಡು ಹೋಯಿತು.

"ಹೋಯ್ತ್ ಅಪ್ಪಯ್ಯನ ದೋಣಿ" ಎಂದಳು ಮೋಕ್ಷಿತಾ.

"ರ‍್ಯಾಕ್ ಬಗ್ಗಿತಾ ಕಾಣಿ" ಎಂದಳು ಸೀತು. ಕಡ್ಡಿಗಳು ನಿಂತೇ ಇದ್ದವು. ಬಚ್ಚ ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೆಲಸ ಒಪ್ಪಿಕೊಂಡ.

ಒಪ್ಪಿಕೊಂಡ ಮೇಲೆ ಅವನದೂ ಒಂದು ಹಟ. ಕಿಟಕಿಗೆ ಹಾಕುವ ತೆಳು ಪಟ್ಟಿ ದೋಣಿಯ ಭಾರಕ್ಕೆ ಬಳುಕುತ್ತದೆಂದು ಮಂಗಳೂರಿನಿಂದ ದಪ್ಪದ ಚೌಕ ಪೈಪು ತರಿಸಿದ. ಮೂಲೆಮೂಲೆಗೆ ಮುಕ್ಕೋನದ ತಗಡು ಕೊಟ್ಟು ಬಿಗಿದ. ಸ್ಟೀಲಿನ ಬೋಲ್ಟು ನೇರ ಅಲ್ಯುಮಿನಿಯಮ್ಮಿಗೆ ತಾಗಿದರೆ ಉಪ್ಪುಗಾಳಿಗೆ ಆ ಜಾಗವೇ ಬಿಳಿ ಪುಡಿಯಾಗಿ ಉದುರುತ್ತದೆಂದು, ಪ್ರತಿಯೊಂದು ಬೋಲ್ಟಿನ ನಡುವೆ ಸೈಕಲ್ ಟ್ಯೂಬು ಕತ್ತರಿಸಿ ಇಟ್ಟ.

"ಎಲ್ಲ ಸಮ. ಸಿಂಬಿ ಎಲ್ಲಿ?" ಎಂದು ಕೇಳಿದಳು ಸೀತು.

"ಎಂತ ಸಿಂಬಿ?"

"ತಲಿ ಮೇಲೆ ಹೊರೂಕೆ ಸಿಂಬಿ ಬ್ಯಾಡ್ದಾ? ನನ್ನ ತಲಿಗ್ ಇಟ್ಕಂಡ್ ಹೊತ್ತದ್ದ್ ನಾನ್. ಗಾಡಿಗ್ ತಲಿನೋವ್ ಬತ್ತಿಲ್ಯಾ?"

ಬುಟ್ಟಿ ಹೊರುವವರು ತಲೆಗಿಟ್ಟುಕೊಳ್ಳುವ ಬಟ್ಟೆಯ ಸುರುಳಿಯ ಹಾಗೆಯೇ ಅವಳು ಹಳೆಯ ಬಲೆ ಸುತ್ತಿ ನಾಲ್ಕು ದಪ್ಪ ಸಿಂಬೆ ಮಾಡಿ ತಂದಳು. ದೋಣಿಯ ಅಂಚು ಕೂರುವ ನಾಲ್ಕು ಕಡೆ ಬಚ್ಚ ಅವನ್ನು ಕಟ್ಟಿದ.

ಇನ್ನು ಎತ್ತರದ ಮಾತು. ಗಂಗೊಳ್ಳಿಯಲ್ಲಿ ಅವಳು ಐಸ್ ಹಾಕಿಸಿಕೊಳ್ಳುವ ಪ್ಲಾಂಟಿನ ಮಾಡಿಗೆ ಒಂದು ಕಬ್ಬಿಣದ ತೊಲೆ ಇದೆ. ಗಾಡಿ ರಿವರ್ಸ್ ಬಂದು ಅದರಡಿ ನುಸುಳಿ ನಿಂತರೆ ಬದಿಯ ಕಿಂಡಿಯಿಂದ ಪುಡಿ ಐಸು ಪೆಟ್ಟಿಗೆಗಳಿಗೆ ಬೀಳುತ್ತದೆ. ಸೀತು ಉದ್ದದ ಬಿದಿರು ಕೋಲು ಹಿಡಿದು ತೊಲೆಯ ಎತ್ತರಕ್ಕೆ ಸರಿಯಾಗಿ ನೀಲಿ ದಾರದ ಗಂಟು ಹಾಕಿದಳು. ಮಾರನೆಯ ದಿನ ಮೀನಿನ ಗಾಡಿಯೊಂದಿಗೆ ಬ್ರಹ್ಮಾವರಕ್ಕೆ ಬಂದು ಗಾಡಿಯ ಪಕ್ಕ ಆ ಕೋಲು ನಿಲ್ಲಿಸಿದಳು. ದೋಣಿಯ ಎತ್ತರ ಲೆಕ್ಕ ಹಿಡಿದು, ಗಂಟಿಗಿಂತ ನಾಲ್ಕು ಬೆರಳು ಕೆಳಗೇ ದೋಣಿಯ ಬೆನ್ನು ಬರುವ ಹಾಗೆ ಬಚ್ಚ ಕಾಲು ಕತ್ತರಿಸಿದ. ಕೆಲಸ ಚೊಕ್ಕವಾಯಿತು. ಬಿಸಿಲಿಗೆ ರ‍್ಯಾಕ್ ಹೊಳೆಯುವುದನ್ನು ನೋಡಿ ಮೋಕ್ಷಿತಾ ನಾಲ್ಕು ಫೋಟೋ ತೆಗೆದಳು.

ಹೊಸ ರ‍್ಯಾಕಿನ ಮೊದಲ ಬೈಂದೂರು ದಿನ ಬಂತು. ಕರಿಯ ಬೆಳಿಗ್ಗೆಯೇ ಎದ್ದು ಮಡಿ ಲುಂಗಿ ಉಟ್ಟು, ಬಲೆ ಮಡಚಿ ತೊಡೆಯ ಮೇಲಿಟ್ಟುಕೊಂಡು ನಡುವಿನ ಸೀಟಿನಲ್ಲಿ ಕೂತ. ದೋಣಿ ಮೇಲೆ ಸಿಂಬೆಗಳ ಮೇಲೆ ಕವುಚಿ ಮಲಗಿತ್ತು. ಗಾಡಿ ಐಸ್ ಪ್ಲಾಂಟಿಗೆ ರಿವರ್ಸ್ ಹೋಯಿತು.

ಧಡ್!

ದೋಣಿಯ ಬೆನ್ನು ತೊಲೆಗೆ ಬಡಿದಿತ್ತು. ಮೋಕ್ಷಿತಾ ಮುಂದೆ ತಂದಳು, ಮತ್ತೆ ನಿಧಾನ ಹಿಂದೆ ಹೋದಳು. ಹೋಗುವುದಿಲ್ಲ. ಎರಡು ಬೆರಳಿನಷ್ಟು ತಾಗುತ್ತದೆ. ಸೀತು ಇಳಿದು ಕೋಲು ತಂದು ತೊಲೆಗೆ ಹಿಡಿದಳು. ಗಂಟು ಸರಿಯಾಗಿಯೇ ಇದೆ. ತೊಲೆಯೂ ಅಲ್ಲೇ ಇದೆ.

"ತೊಲೆ ಎಂತ ಮೊಟ್ಟೆ ಇಟ್ಟ್ ಕೂಕಂಡಿತ್ತಾ, ಕೆಳಗ್ ಬಪ್ಪುಕೆ?" ಎಂದು ಪದ್ದುವೂ ಬೇರೆ ಮೀನಿನ ಗಾಡಿಯ ಹೆಂಗಸರೂ ನಕ್ಕರು. ಹಿಂದೆ ಐಸಿಗೆ ಕಾದ ಗಾಡಿಗಳ ಹಾರನ್ನು. ಐಸು ಇಲ್ಲದೆ ಮೀನಿಲ್ಲ, ಮೀನಿಲ್ಲದೆ ಬೈಂದೂರಿಲ್ಲ.

ಕರಿಯ ಗಾಡಿಯಿಂದ ಇಳಿದ. ತೊಡೆಯ ಮೇಲಿದ್ದ ಬಲೆಯನ್ನು ಸೀಟಿನ ಮೇಲೆ ಬಿಟ್ಟಿದ್ದ. "ಸಾಕ್ ಸೀತು. ದೋಣಿ ಇಳ್ಸುವ. ಆ ಸಚಿನನಿಗ್ ಫೋನ್ ಮಾಡ್, ಇವತ್ತೇ ಒಯ್ಲಿ."

ಸೀತು ಬಲೆ ಕಂಡಳು, ತೊಲೆ ಕಂಡಳು. ಅವಳ ಕೈ ತನ್ನಷ್ಟಕ್ಕೆ ತಲೆಯ ಮೇಲೆ ಹೋಯಿತು. ಅಷ್ಟು ವರ್ಷ ಬುಟ್ಟಿ ಕೂತ ಜಾಗ ಅದು. ಬುಟ್ಟಿ ಇಳಿಸಿದ ಕೂಡಲೇ ಕುತ್ತಿಗೆ ಮೇಲೇಳುತ್ತಿದ್ದದ್ದು ನೆನಪಾಯಿತು. ಅವಳು ಗಾಡಿಯ ಚಕ್ರದ ಮೇಲಿನ ಸಂದು ನೋಡಿದಳು. ಕೈ ಹಾಕಿ ನೋಡಿದಳು. ಆಮೇಲೆ ತಿರುಗಿ ಒಂದೇ ಸಮ ಕೂಗಿದಳು.

"ಪದ್ದೂ! ಬಾ ಇಲ್ಲಿ, ಗಾಡಿ ಹತ್ತ್! ಹ್ವಾಯ್, ನೀವೂ ಬನ್ನಿ, ಎಲ್ಲ ಹತ್ತಿ ಕೂಕಣಿ!"

"ಎಂತಕೆ, ನಮ್ಮನ್ನ್ ಬೈಂದೂರಲ್ಲಿ ಮಾರೂಕಾ?" ಎಂದಳು ಪದ್ದು.

"ನಿನ್ನನ್ನ್ ಯಾರ್ ತಕಂತ್ರ್? ಹತ್ತ್ ಮಾರಾಯ್ತಿ!"

ಪದ್ದು ಏದುಸಿರು ಬಿಡುತ್ತ ಹತ್ತಿದಳು. ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಕುಸಿಯಿತು. ಹಿಂದೆಯೇ ಉಳಿದ ಹೆಂಗಸರು. ಪೆಟ್ಟಿಗೆಗಳ ನಡುವೆ ಒತ್ತಿಕೊಂಡು ಕೂತರು, ಒಬ್ಬಳು ಇನ್ನೊಬ್ಬಳ ಮಡಿಲಲ್ಲಿ. "ಇಷ್ಟ್ ದಿನ ನನ್ನ್ ತೂಕ ಕಂಡ್ ನಗಾಡ್ತಿದ್ರಿ ಅಲ್ದಾ? ಈಗ ಬೇಕಾಯ್ತ್!" ಎಂದು ಪದ್ದು ಇನ್ನಷ್ಟು ಗಟ್ಟಿಯಾಗಿ ಊರಿ ಕೂತಳು. ಮೋಕ್ಷಿತಾ ರಿವರ್ಸ್ ಹಾಕಿದಳು. ದೋಣಿ ತೊಲೆಯಡಿ ಬೆಣ್ಣೆಯ ಹಾಗೆ ಜಾರಿತು. ಐಸು ಬಿದ್ದು ಪೆಟ್ಟಿಗೆ ತುಂಬುತ್ತ ಬಂದ ಹಾಗೆ ಹೆಂಗಸರು ಒಬ್ಬೊಬ್ಬರಾಗಿ ಕಿರುಚಿಕೊಂಡು ಕೆಳಗೆ ಹಾರಿದರು.

ತಪ್ಪು ಆಗಿದ್ದೆಲ್ಲಿ ಎಂದು ಸೀತುವಿಗೆ ಗೊತ್ತಾಗಿತ್ತು. ಬ್ರಹ್ಮಾವರಕ್ಕೆ ಅವಳ ಗಾಡಿ ಮೀನು ತುಂಬಿಕೊಂಡೇ ಹೋಗುವುದು. ಅಲ್ಲಿ ಕೋಲು ನಿಲ್ಲಿಸಿ ಅಳೆದದ್ದು ಮೀನು, ಐಸು ತುಂಬಿ ಕುಸಿದ ಗಾಡಿಯನ್ನು. ಐಸ್ ಪ್ಲಾಂಟಿಗೆ ಬರುವುದು ಖಾಲಿ ಗಾಡಿ. ಖಾಲಿಯಾದಾಗ ಅದು ಬುಟ್ಟಿ ಇಳಿಸಿದ ಹೆಂಗಸಿನ ಹಾಗೆ ಬೆನ್ನು ನೆಟ್ಟಗೆ ಮಾಡುತ್ತದೆ.

ದಾರಿಯಲ್ಲೇ ಬಚ್ಚನಿಗೆ ಫೋನ್ ಹೋಯಿತು. ಅವನು ಕತ್ತರಿಸುವ ಯಂತ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ, "ನಾನ್ ಮಾಡಿದ್ ಕಿಟ್ಕಿ ಎಲ್ಲ ಗೋಡಿ ಮೇಲೆ ಕೂಕಂಬುದ್ ಸೀತಕ್ಕ. ಗೋಡಿ ಯಾವತ್ತಾರೂ ಏಳತ್ತಾ, ಕೂಕಂತ್ತಾ? ನಂಗ್ ಹ್ಯಾಂಗ್ ಗೊತ್ತಾಪುದ್?" ಎಂದ.

"ಹಾಂಗಾರೆ ಕಾಲ್ ಕತ್ತರ್ಸ್ತ್ರಿಯಾ?"

"ಕತ್ತರ್ಸಿರೆ ನಿಮ್ಮ ಮೂರ್ನೇ ಪೆಟ್ಟಿಗಿ ಹಿಡಿತಿಲ್ಲೆ. ನಾಳೆ ಬನ್ನಿ. ಕಿಟ್ಕಿ ಮಲ್ಗ್ಸಿ ಅಂದದ್ದ್ ನೀವೇ ಅಲ್ದಾ?"

ಆ ದಿನ ಬೈಂದೂರಿನ ಅಳಿವೆಯಲ್ಲಿ ದೋಣಿ ನೀರಿಗಿಳಿಯಿತು. ಕರಿಯ ಕಾಲು ಊರುವಾಗ ಒಮ್ಮೆ ಮುಖ ಕಿವುಚಿದ. ಕೂತು ಹುಟ್ಟು ಹಿಡಿದ ಮೇಲೆ ಕಾಲು ಇರುವುದೇ ಮರೆತವನ ಹಾಗೆ ಹೋದ. ಸೀತು ದಡದಲ್ಲಿ ನಿಂತು ನೋಡಿದಳು. ಮೊದಲ ಸಲ ಬಲೆ ಬಿಚ್ಚಿ ಬೀಳುವಾಗ ಆಗುವ ಸದ್ದು ಅವಳಿಗೆ ಇಷ್ಟ. ಅದನ್ನು ಕೇಳಿಸಿಕೊಂಡೇ ಗಾಡಿ ಹತ್ತಿದಳು.

ಮಾರನೆಯ ದಿನ ಬಚ್ಚ ರ‍್ಯಾಕಿನ ಮೇಲೆ ಇನ್ನೊಂದು ಚೌಕಟ್ಟು ಕೂರಿಸಿದ. ಅಡಿಯಲ್ಲಿ ಗೇಟಿಗೆ ಹಾಕುವ ಗಟ್ಟಿ ನೈಲಾನ್ ಗಾಲಿಗಳು. ಚಿಲಕ ತೆಗೆದು ತಳ್ಳಿದರೆ ದೋಣಿಯ ಸಮೇತ ಚೌಕಟ್ಟು ಸ್ಲೈಡಿಂಗ್ ಕಿಟಕಿಯ ಹಾಗೆ ಬಾನೆಟ್ಟಿನ ಮೇಲಕ್ಕೆ ಸರಿಯುತ್ತದೆ. ಗಾಡಿಯ ಹಿಂದಿನ ಅರ್ಧ ಬೋಳಾಗಿ ತೊಲೆಯಡಿ ಹೋಗುತ್ತದೆ, ದೋಣಿ ಹೊರಗೇ ನಿಲ್ಲುತ್ತದೆ. ಐಸು ತುಂಬಿದ ಮೇಲೆ ಎಳೆದು ಚಿಲಕ ಹಾಕಿದರಾಯಿತು. ಈ ಸಲ ಸೀತು ಖಾಲಿ ಗಾಡಿಯಲ್ಲೂ ತುಂಬಿದ ಗಾಡಿಯಲ್ಲೂ ಕೋಲು ಹಿಡಿದು ನೋಡಿದಳು. ಪದ್ದುವಿಗೆ ಮಾತ್ರ ಬೇಸರ. "ನಂಗ್ ದಿನಾ ಕೂಕಂಬುಕೆ ಸಂಬ್ಳ ಸಿಕ್ಕತ್ತ್ ಅಂದ್ಕಂಡಿದ್ದೆ" ಎಂದಳು.

ನವರಾತ್ರಿ ಕಳೆದು ಸಚಿನ್ ಬಂದ. ಟೆಂಪೋ, ನಾಲ್ಕು ಜನ, ಹಗ್ಗ ಎಲ್ಲ ತಯಾರು. ತೆಂಗಿನ ಬುಡದಲ್ಲಿ ಕೋಳಿಯೊಂದೇ ಇತ್ತು, ಮೊಟ್ಟೆಯಿಡಲು ಜಾಗ ಹುಡುಕುತ್ತಿತ್ತು. ದೋಣಿ ಗಾಡಿಯ ತಲೆಯ ಮೇಲೆ, ಆಗಷ್ಟೇ ತೊಳೆದು ಇನ್ನೂ ಒದ್ದೆ.

"ಅಮ್ಮ, ಮಾತು ಕೊಟ್ಟಿದ್ರಿ. ಗೇಟಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ" ಎಂದ ಸಚಿನ್, ಅಳು ಬರುವವನ ಹಾಗೆ.

ಸೀತು ಅವನನ್ನು ಬಚ್ಚಲಿನ ಹಿಂದಕ್ಕೆ ಕರೆದುಕೊಂಡು ಹೋದಳು. ಹಳೆಯ ಕಬ್ಬಿಣದ ರ‍್ಯಾಕ್ ಗೋಡೆಗೆ ಒರಗಿ ನಿಂತಿತ್ತು. ಯಾರೂ ನೆಡದ ಶಂಖಪುಷ್ಪದ ಬಳ್ಳಿ ಅದರ ತುಂಬ ಹಬ್ಬಿ ನೀಲಿ ಹೂ ಬಿಟ್ಟಿತ್ತು.

"ಬಳ್ಳಿ ಬೇರ್ ಸಮೇತ ತಕಣಿ. ಗಿಡ ಬೆಳ್ಸೂಕೆ ಇದೇ ಲಾಯ್ಕ್. ಫೋಟೋಕ್ಕೂ ಚಂದ."

ಸಚಿನ್ ಎರಡು ಸಲ ಅದನ್ನು ಸುತ್ತಿ ನೋಡಿದ. ಆಮೇಲೆ ಮೊಬೈಲ್ ತೆಗೆದು ಒಂದು ಫೋಟೋ ಹೊಡೆದ.

ಅಂಗಳದಲ್ಲಿ ಕರಿಯ ಚಾ ಕುಡಿಯುತ್ತಿದ್ದ, ದೋಣಿಗೆ ಮುಖ ಮಾಡಿ. "ಸೀತು," ಎಂದು ಕೂಗಿದ, "ಮುಂದಿನ ಎಡಗಡೆ ಸಿಂಬಿ ಒಂಚೂರ್ ಸಡ್ಲ ಆಯ್ತ್. ಕಂಡಿದ್ಯಾ?"

"ಕಂಡಿದ್ದೆ, ಕಂಡಿದ್ದೆ. ಚಾ ಕುಡಿದ್ ಮೊದ್ಲ್ ಏಳಿ, ನಾಳೆ ಬೈಂದೂರ್ ದಿನ."