ಬೋರ್ಡಿನ ಮೇಲೆ ಸೊನ್ನೆ ಬೀಳಬಾರದು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಕೊನೆಯಲ್ಲಿ ಒಪ್ಪಿಕೊಳ್ಳಲು ನನಗೆ ಮುಖ ಉಳಿಯುವುದಿಲ್ಲ. ನಮ್ಮ ಕಂಪನಿಯ ಅಮೆರಿಕನ್ ಇಂಜಿನಿಯರರ ಫೋನನ್ನು ಎತ್ತಿ, ಅವರದೇ ದನಿಯಲ್ಲಿ, ಅವರ ತಂಗಿಗೆ ಸುಳ್ಳು ಹೇಳಿದವನು ನಾನು. ಅದೂ ವೋಟಿನ ವಿಷಯದಲ್ಲಿ.

ಒಮಾನಿನ ಸೊಹಾರ್ ಬಂದರಿನ ಬಳಿಯ ನಮ್ಮ ಸೈಟ್ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲರ ದನಿ ಅಣಕಿಸುವುದು ಸಂಬಳವಿಲ್ಲದ ಕೆಲಸ. ಬೇಗ ಹತ್ತಿ ಎನ್ನುವ ಬಸ್ ಡ್ರೈವರ್‌ನ ‘ಯಲ್ಲಾ’, ಮ್ಯಾನೇಜರ್‌ನ ಕೆಮ್ಮು, ಊರಿಗೆ ಫೋನ್ ಮಾಡಿದಾಗ ನನ್ನದೇ ಅಳುಬುರುಕ ದನಿ, ಯಾವುದನ್ನೂ ಬಿಟ್ಟವನಲ್ಲ. ಬಿಡು ಎಂದವರಿಗೆಲ್ಲ ಅವರದೇ ದನಿಯಲ್ಲಿ ‘ಬಿಡಲ್ಲ’ ಎಂದಿದ್ದೇನೆ. ಇಂಜಿನಿಯರ್ ಅವರದು ಮಾತ್ರ ಬಹಳ ಸುಲಭ: ಗಂಟಲಲ್ಲಿ ಜಲ್ಲಿ ಉರುಳಿಸಬೇಕು, ಪ್ರತಿ ಮಾತಿಗೂ ಮೊದಲು ‘ವೆಲ್’ ಎಂದು ಉಸಿರು ಬಿಡಬೇಕು.

ಅವರ ಊರು ಅಮೆರಿಕದ ನಡುಭಾಗದ ಒಂದು ಪುಟ್ಟ ಪೇಟೆ. ಒಂದು ದಿನ ಹಳೆಯ ನಕ್ಷೆಯೊಂದರ ಹಿಂಬದಿಯಲ್ಲಿ ಅದನ್ನು ಬರೆದು ತೋರಿಸಿದರು. ನಡುವೆ ರೈಲುಹಳಿ. ಹಳಿಯ ಆಚೆ ಜೋಳದ ಹೊಲದವರು, ಅಜ್ಜನ ಕಾಲದಿಂದ ಒಂದೇ ಪಕ್ಷ. ಈಚೆ ಡಬ್ಬಿಯಲ್ಲಿ ತರಕಾರಿ ತುಂಬುವ ಕಾರ್ಖಾನೆಯವರು, ಯೂನಿಯನ್ ಜನ, ಅವರು ಇನ್ನೊಂದು ಪಕ್ಷ. ಕಾರ್ಖಾನೆ ಮುಚ್ಚಿತು. ಯೂನಿಯನ್ ಹೋಯಿತು. ಈಚೆಯವರ ಅಂಗಳದಲ್ಲೂ ಒಂದೊಂದಾಗಿ ಆಚೆಯವರ ಪಕ್ಷದ ಫಲಕಗಳು ಎದ್ದವು. ಅವರ ತಂಗಿಯ ತಿಂಡಿ ಅಂಗಡಿಯ ಮುಂದೆಯೂ ಎದ್ದಿತು. ಕಳೆದ ಸಲ ಮತಗಟ್ಟೆಯ ಬೋರ್ಡಿಗೆ ಅಂಟಿಸಿದ ಫಲಿತಾಂಶದಲ್ಲಿ ಈಚೆಯವರ ಹಳೆಯ ಪಕ್ಷಕ್ಕೆ ಬಿದ್ದದ್ದು ಒಂದೇ ಮತ. ಗುಟ್ಟಿನ ಮತದಾನವಂತೆ! ಅದು ಯಾರದೆಂದು ಊರಿನ ನಾಯಿಗೂ ಗೊತ್ತು. ‘ಒಮಾನಿನಿಂದ ನಿಮ್ಮಣ್ಣ ಎಂಥ ಕಾಗದ ಕಳಿಸಿದ’ ಎಂದು ಗಿರಾಕಿಗಳು ಕಾಫಿ ಕುಡಿಯುತ್ತ ತಂಗಿಯನ್ನು ಕಾಡುತ್ತಿದ್ದರು.

ಕೇಳಿ ನಕ್ಕೆ. ನಗುವ ಹಕ್ಕು ನನಗೇನೂ ಇರಲಿಲ್ಲ. ಕರಾವಳಿಯ ನಮ್ಮೂರಿನಲ್ಲೂ ಯಾವ ಮನೆಯ ವೋಟು ಎತ್ತ ಎಂದು ಗೇಟು ನೋಡಿಯೇ ಹೇಳಬಲ್ಲೆ. ಅವರು ಪರದೇಶದಿಂದಲೇ ಕಾಗದ ಕಳಿಸಿ ವೋಟು ಹಾಕಬಹುದು, ನಾವು ಊರಿಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ನನಗೆ ರಜೆ ಸಿಗುವುದು ಮದುವೆಗಳಿಗೆ ಮಾತ್ರ. ಬೆರಳು ಶಾಯಿ ಕಂಡು ವರ್ಷಗಳಾದವು, ಬಾಯಿ ಮಾತ್ರ ಎಲ್ಲ ಚುನಾವಣೆಗೂ ಹಾಜರು.

ಈ ಸಲ ಅವರ ಮತಪತ್ರ ಈಮೇಲಿನಲ್ಲಿ ಬಂತು. ಪ್ರಿಂಟ್ ತೆಗೆದುಕೊಟ್ಟವನು ನಾನೇ. ಎದುರಾಳಿಯೇ ಇಲ್ಲದ ಸ್ಥಾನಗಳಿಗೆಲ್ಲ ತಂಗಿಯ ಹೆಸರನ್ನು ಕೈಯಿಂದ ಬರೆದರು; ಅವರಲ್ಲಿ ಪಟ್ಟಿಯಲ್ಲಿಲ್ಲದವರ ಹೆಸರನ್ನೂ ಹಾಗೆ ಬರೆಯಬಹುದಂತೆ. ಕವರ್ ಅಂಟಿಸಿ, ಕೊರಿಯರ್‌ನವನಿಗೆ ಕೊಡಲು ನನ್ನ ಮೇಜಿನ ಮೇಲಿಟ್ಟರು. ಪಕ್ಕದಲ್ಲೇ ಫೋನನ್ನೂ ಇಟ್ಟರು. ಕಿಡಿಯ ಭಯಕ್ಕೆ ಪ್ಲಾಂಟಿನೊಳಗೆ ಫೋನ್ ಒಯ್ಯುವಂತಿಲ್ಲ.

ಮಧ್ಯಾಹ್ನ ಅದು ರಿಂಗಾಯಿತು. ತಂಗಿ. ಅಲ್ಲಿ ನಸುಕಿನಲ್ಲಿ ಅಂಗಡಿಯ ಒಲೆ ಹಚ್ಚುತ್ತ ಮಾಡಿದ ಕರೆ. ಸುತ್ತ ನಾಲ್ಕು ಜನ ಇದ್ದರು, ನನಗೆ ಅಷ್ಟು ಸಾಕು.

“ವೋಟ್ ಹಾಕಿದ್ಯಾ?” ಎಂದಳು.

“ವೆಲ್... ಹಾಕಿದೆ. ಈ ಸಲ ನಿಮ್ಮ ಕಡೆಗೇ.”

“ಸರಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಪಾಪ, ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದುಕೊಂಡೆ.

ಇಂಜಿನಿಯರ್ ಹೆಲ್ಮೆಟ್ ತೆಗೆಯುತ್ತ ಬಂದಾಗ ಹೆಮ್ಮೆಯಿಂದ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವರು ನಗಲಿಲ್ಲ. ಮುಖ ಕಪ್ಪಿಟ್ಟಿತು.

ಮಂಗಳೂರು ಕಡೆಯ ನಮ್ಮ ಸೂಪರ್‌ವೈಸರ್ ಸಂಧಾನಕ್ಕೆ ಬಂದರು. ನನಗೆ ಕನ್ನಡದಲ್ಲಿ, “ನಿಂಗೆ ಎಂತ ಮಂಡೆ ಸಮ ಇಲ್ವಾ ಮಾರಾಯ?” ಅವರಿಗೆ ಇಂಗ್ಲಿಷಿನಲ್ಲಿ, “ಬಿಡಿ ಸರ್. ಹೇಗೂ ನಿಮ್ಮವರು ಸೋಲ್ತಾರೆ. ತಂಗಿಗೆ ಖುಷಿ ಆಯ್ತು, ಅಂಗಡಿಯಲ್ಲಿ ಅವರಿಗೂ ಕಾಟ ತಪ್ತದೆ. ಕವರ್ ಹರಿದು ಬಿಸಾಡಿ, ಖಲಾಸ್.”

ಇಂಜಿನಿಯರ್ ಕವರನ್ನು ಎದೆಗೆ ಒತ್ತಿಕೊಂಡರು.

“ಸೋಲೋದು ನನಗೂ ಗೊತ್ತು. ಆದ್ರೆ ಆ ಬೋರ್ಡಲ್ಲಿ ಸೊನ್ನೆ ಬಿದ್ರೆ ಊರಿಗೆ ಊರೇ ಒಪ್ಕೊಂಡ ಹಾಗೆ. ಒಪ್ಪದವನು ಒಬ್ಬ ಇದ್ದಾನೆ ಅಂತ ಅವರು ಪ್ರತಿ ಸಲವೂ ಓದ್ಬೇಕು. ತಂಗಿ ಮಾತು ಬಿಟ್ರೂ ಸರಿ, ಸೊನ್ನೆ ಮಾತ್ರ ಕೊಡಲ್ಲ.” ನನ್ನತ್ತ ತಿರುಗಿದರು. “ಫೋನ್ ಮಾಡು. ನಿನ್ನ ಸ್ವಂತ ದನಿಯಲ್ಲಿ ಹೇಳು.”

ಸ್ವಂತ ದನಿ! ಅದನ್ನು ಹುಡುಕಲೇ ಸ್ವಲ್ಪ ಹೊತ್ತು ಹಿಡಿಯಿತು. ಸ್ಪೀಕರ್ ಹಾಕಿಸಿದರು. ಆಫೀಸಿನ ಎದುರೇ, ತೊದಲುತ್ತ, ಆಗ ಮಾತಾಡಿದ್ದು ನಿಮ್ಮಣ್ಣ ಅಲ್ಲ ಮೇಡಂ, ನಾನು, ಅವರು ಎಂದಿನ ಪಕ್ಷಕ್ಕೇ ಹಾಕಿದ್ದಾರೆ, ಕವರ್ ಇನ್ನೂ ಇಲ್ಲೇ ಇದೆ ಎಂದೆ. ಆ ಕಡೆ ಬಾಣಲೆಯಲ್ಲಿ ಏನೋ ಚುರುಗುಟ್ಟಿತು.

“ದನಿ ಚೆನ್ನಾಗಿಯೇ ಮಾಡಿದ್ದೆ ಕಣಪ್ಪ,” ಎಂದಳು ತಂಗಿ. “ಆದ್ರೆ ‘ನಿಮ್ಮ ಕಡೆಗೇ ಹಾಕಿದೆ’ ಅಂದ ತಕ್ಷಣ ಇದು ನಮ್ಮಣ್ಣ ಅಲ್ಲ ಅಂತ ಗೊತ್ತಾಯ್ತು. ತಡವಾಗಿ ಹೋದ್ರೆ ಎಣಿಸಲ್ಲ, ಆ ಕವರ್ ಇವತ್ತೇ ಕಳಿಸು ಅಂತ ಅವನಿಗೆ ಹೇಳು.”