ಗುಡಿಯ ಹಿಂದೆ ಹೂಳಿದ ಮೇಣದ ತುಂಡು

ನನ್ನ ಅಕ್ಕನ ಮಾವನ ಪ್ರಕಾರ ಜಗತ್ತಿನ ಎಲ್ಲ ರೋಗಗಳಿಗೂ ಸೊಸೆಯಂದಿರೇ ಮೂಲ. ಅಕ್ಕನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಉದಗೀರದ ಡಾಕ್ಟರು ಹೇಳಿದ ದಿನವೇ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಆತ ತೀರ್ಪು ಕೊಟ್ಟ: "ಕದ್ದು ಮಿಶ್ರಿ ಹಚ್ಚತಿದ್ದಳು. ಇಲ್ಲಂದ್ರ ಹೆಂಗ ಬರತದ?"

ಮಿಶ್ರಿ ಎಂದರೆ ನಮ್ಮ ಕಡೆಯ ಹೆಂಗಸರು ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ. ಅಕ್ಕ ಅದನ್ನು ಮೂಸಿಯೂ ನೋಡಿದವಳಲ್ಲ. ಆದರೆ ಕಾಸಾರಶಿರಸಿಯ ಹತ್ತಿರದ ಆ ಮನೆಯಲ್ಲಿ ಅವಳ ಮಾತನ್ನು ಭಾವನೂ ನಂಬಲಿಲ್ಲ. ಮಹಾ ಪಿತೃಭಕ್ತ!

ಅವಳ ಎದೆಯಿಂದ ತೆಗೆದ ಚೂರಿನಲ್ಲಿ ಎರಡು ಬಗೆಯ ಜೀವಕೋಶಗಳು ಬೆರೆತಿದ್ದವು. ಇದು ಅಪರೂಪ, ಜೀನ್ ಪರೀಕ್ಷೆ ಆಗಲೇಬೇಕು, ಜೀನಿನಲ್ಲಿ ಬದಲಾವಣೆ ಸಿಕ್ಕರೆ ಗುಳಿಗೆಯಲ್ಲೇ ಚಿಕಿತ್ಸೆ ಉಂಟು ಎಂದರು ಡಾಕ್ಟರು. ಇನ್ನೊಮ್ಮೆ ಚೂರು ತೆಗೆಯುವಷ್ಟು ಉಸಿರು ಅಕ್ಕನಲ್ಲಿ ಉಳಿದಿರಲಿಲ್ಲ. ಮೇಣದಲ್ಲಿ ಕೂಡಿಸಿ, ಡಬ್ಬಿಯಲ್ಲಿಟ್ಟು ಆಸ್ಪತ್ರೆಯವರು ಮಾವನ ಕೈಗೆ ಕೊಟ್ಟಿದ್ದ ಆ ಚೂರನ್ನು ಪರೀಕ್ಷೆಗೆ ಹೈದರಾಬಾದಿಗೆ ಒಯ್ಯಲು ನಾನು ಹೋದರೆ, ಮಾವ ಎದೆಯುಬ್ಬಿಸಿ ಹೇಳಿದ: "ಮಣ್ಣ ಮಾಡೀನಿ. ಮನಿ ಸೊಸಿ ಮೈ ಪರವೂರಿಗೆ ಹೋಗಬಾರದು. ಬೀರಪ್ಪನ ಗುಡಿ ಹಿಂದ, ಭಂಡಾರ ಹಾಕಿ ಹೂಳೀನಿ."

ಆ ಮನೆಯ ಮಕ್ಕಳ ಮೊದಲ ಕೂದಲು, ಬಿದ್ದ ಹೊಕ್ಕಳಬಳ್ಳಿ ಎಲ್ಲವನ್ನೂ ಪರರ ಕೈಗೆ ಸಿಗದಂತೆ ಅಲ್ಲೇ ಹೂಳುತ್ತಾರೆ. ಬದುಕಿರುವ ಸೊಸೆಗೆ ಎಂದೂ ಸಿಗದ ಮರ್ಯಾದೆ ಅವಳ ಒಂದು ಚೂರಿಗೆ ಸಿಕ್ಕಿತ್ತು. ಕಳೆ ತೆಗೆಯುವ ಖುರಪಿ ಹಿಡಿದು ನಾನೇ ಅಗೆದೆ. ಭಂಡಾರದ ಅರಿಶಿನ ಮೆತ್ತಿದ ಡಬ್ಬಿಯಲ್ಲಿ ಮೇಣ ಹಾಗೇ ಇತ್ತು.

ಹೈದರಾಬಾದಿನ ಪರೀಕ್ಷೆಯಲ್ಲಿ ಬದಲಾವಣೆ ಸಿಕ್ಕಿತು. ಇದು ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯಲ್ಲೇ ಆದದ್ದು, ತಂಬಾಕು ಮುಟ್ಟದವರಲ್ಲೇ ಹೆಚ್ಚು ಎಂದು ಡಾಕ್ಟರು ಬಿಡಿಸಿ ಹೇಳಿದರು. ಗುಳಿಗೆಯೂ ಶುರುವಾಯಿತು.

"ನಾ ಹೂಳಿದ್ದಕ್ಕ ಉಳೀತು. ಬೀರಪ್ಪ ಕಾಯ್ದ," ಎಂದು ಮಾವ ಊರೆಲ್ಲ ಸಾರಿದ. ಅಗೆದವನ ಸುದ್ದಿ ಎಲ್ಲೂ ಇಲ್ಲ.

ರಿಪೋರ್ಟು ತಂದ ದಿನ ಆತ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ. ಗುಳಿಗೆಯಿಂದ ಎಷ್ಟು ದಿನ ಬದುಕುತ್ತೇನೆ ಎಂದು ಅಕ್ಕ ಕೇಳಲಿಲ್ಲ.

"ತಮ್ಮಾ, ನಾ ಮಿಶ್ರಿ ಹಚ್ಚಿಲ್ಲಂತ ಅದರಾಗ ಬರ್ದಾರೇನು?"

ಇಂಗ್ಲಿಷಿನ ಆ ಹಾಳೆಯಲ್ಲಿ ಅಂಥದ್ದೇನೂ ಇರಲಿಲ್ಲ. ನಾನು ಹಾಳೆ ಎತ್ತಿ ಹಿಡಿದು ಓದಿದೆ: "ಈ ಹೆಣ್ಣುಮಗಳು ಎಂದೂ ಮಿಶ್ರಿ ಹಚ್ಚಿಲ್ಲ."

ಮಾವನ ಹೆಬ್ಬೆರಳು ಅಂಗೈಯಲ್ಲೇ ನಿಂತಿತು.

"ಇನ್ನೊಮ್ಮಿ ಓದು," ಎಂದಳು ಅಕ್ಕ. "ಜೋರಾಗಿ."